ಬಿಲ್ಡಪ್ ಕೊಡುವುದು, ಧೈರ್ಯ ಹೇಳುವುದು: ಉಲ್ಲಾಳದ ಆಡುಮಾತಿನಲ್ಲಿ ಇಂಗ್ಲಿಷ್ ಕೂಡುಕ್ರಿಯೆ ಮತ್ತು ಭಾವನಾಮ

ಈ ಲೇಖನದ ಉಲ್ಲಾಳ ರಾಣಿ ಅಬ್ಬಕ್ಕನ ಕರಾವಳಿಯ ಊರಲ್ಲ. ಇದು ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿ ಮತ್ತು ನಾಗರಬಾವಿಯ ಸಮೀಪ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ನೆರೆಯಲ್ಲಿರುವ ಊರು. ಇಲ್ಲಿನ ಹಳಬರ ಮಾತಿನಲ್ಲಿ ಮತ್ತೆ ಮತ್ತೆ ಬರುವ ವಾಕ್ಯವೊಂದಿದೆ: “ಇದೆಲ್ಲ ಲೇಔಟ್ ಆಗೋಕೆ ಮುಂಚೆ ಹೊಲ.” ಮೊದಲ ನೋಟಕ್ಕೆ ಸಾಮಾನ್ಯವಾಗಿ ಕಾಣುವ ಈ ವಾಕ್ಯದಲ್ಲಿ ನನ್ನ ಪ್ರಶ್ನೆಯೆಲ್ಲ ಅಡಗಿದೆ. ‘ಲೇ ಔಟ್’ ಇಂಗ್ಲಿಷಿನಲ್ಲಿ ಹುಟ್ಟಾ ಕ್ರಿಯಾಪದ. ‘ಲೇ’ ಎಂಬ ಧಾತುವಿಗೆ ‘ಔಟ್’ ಎಂಬ ಕಿರುಪದ ಅಂಟಿ ಆದದ್ದು. ಉಲ್ಲಾಳದ ಮಾತಿನಲ್ಲಿ ಅದು ಕ್ರಿಯೆಯಾಗಿ ಉಳಿದಿಲ್ಲ, ನಾಮಪದವಾಗಿದೆ. ಕ್ರಿಯೆಯ ಕೆಲಸವನ್ನು ಕನ್ನಡದ ‘ಆಗು’ ವಹಿಸಿಕೊಂಡಿತು. ಜಮೀನು ತಾನಾಗಿ ಬದಲಾದಂತೆ ಹೇಳಬೇಕಾದಾಗ ಲೇಔಟ್ ‘ಆಯ್ತು’. ಪ್ರಾಧಿಕಾರವೋ ಖಾಸಗಿಯವರೋ ನಿವೇಶನ ಮಾಡಿದ್ದನ್ನು ಹೇಳುವಾಗ ಲೇಔಟ್ ‘ಮಾಡಿದ್ರು’. ಬಡಾವಣೆ, ಉಪನಗರ ಎಂಬ ಮಾತುಗಳು ಫಲಕದ ಮೇಲಿವೆ. ಬಾಯಲ್ಲಿರುವುದು ಲೇಔಟೇ.

ಇಂಗ್ಲಿಷಿನ ಇಂಥ ಜೋಡಿಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು 1925ರಲ್ಲಿ ಪ್ರಕಟವಾದ ಲೋಗನ್ ಪಿಯರ್ಸಲ್ ಸ್ಮಿತ್ ಅವರ ಪುಸ್ತಕದಿಂದ ಪ್ರಚಾರಕ್ಕೆ ಬಂತು. ಆದರೆ ಈ ಜೋಡಿಗಳು ವಿದೇಶಿಯರಿಗೆ ತೀರಾ ಕಷ್ಟ ಎಂಬುದನ್ನು ಸ್ಯಾಮ್ಯುಯಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಗುರುತಿಸಿದ್ದರು. ನಾನು ಇವನ್ನು ಕೂಡುಕ್ರಿಯೆ ಎನ್ನುತ್ತೇನೆ. ಇಂಗ್ಲಿಷಿನವರು ಭಾವನಾಮಗಳ, ಎಂದರೆ ಧೈರ್ಯ, ಆಸೆಯಂಥ ಭಾವವಾಚಕ ಪದಗಳ ಜೊತೆ ಇವನ್ನು ಬಳಸುವಾಗ ಅರ್ಥದ ಹೆಚ್ಚಿನ ಭಾರ ಕಿರುಪದದ ಮೇಲೆ ಬೀಳುತ್ತದೆ. ‘ಹೋಪ್’ ಎಂಬುದನ್ನು ‘ಗಿವ್ ಅಪ್’ ಮಾಡುತ್ತಾರೆ, ‘ಕರೇಜ್’ ಅನ್ನು ‘ವರ್ಕ್ ಅಪ್’ ಮಾಡುತ್ತಾರೆ, ‘ಡಿಸಿಷನ್’ ಅನ್ನು ‘ಪುಟ್ ಆಫ್’ ಮಾಡುತ್ತಾರೆ. ಒಂದೇ ‘ಅಪ್’ ಒಂದು ಕಡೆ ಕೈಚೆಲ್ಲುವುದು, ಇನ್ನೊಂದು ಕಡೆ ಕೂಡಿಸಿಕೊಳ್ಳುವುದು. ಯಾವ ಭಾವನಾಮಕ್ಕೆ ಯಾವ ಜೋಡಿ ಎಂಬುದಕ್ಕೆ ನಿಯಮಕ್ಕಿಂತ ಒಡನಾಟವೇ ಆಧಾರ. ಪದಗಳ ಈ ಒಡನಾಟವನ್ನು ಅರ್ಥಶೋಧನೆಯ ಮುಖ್ಯ ವಿಷಯವಾಗಿ ನಿಲ್ಲಿಸಿದವರು ಭಾಷಾವಿಜ್ಞಾನಿ ಜೆ. ಆರ್. ಫರ್ತ್.

ಕನ್ನಡ ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತದೆ. ‘ಧೈರ್ಯ’ ಎಂಬೊಂದು ಪದ ಸಾಕು. ಧೈರ್ಯ ಮಾಡಿದರೆ ಮುನ್ನುಗ್ಗಿದಂತೆ. ಧೈರ್ಯ ಬಂತು ಎಂದರೆ ಅದು ತಾನಾಗಿ ಒದಗಿತು. ಧೈರ್ಯ ಹೇಳುವುದು ಕುಸಿದವರ ಪಕ್ಕ ಕೂತವರ ಕೆಲಸ, ಧೈರ್ಯ ತುಂಬುವುದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಧೈರ್ಯ ತಂದುಕೊಳ್ಳುವಾಗ ತರುವವರೂ ಪಡೆಯುವವರೂ ಒಬ್ಬರೇ. ಇಲ್ಲಿ ‘ಅಪ್’, ‘ಆಫ್’ಗಳ ಜಾಗವನ್ನು ಕ್ರಿಯಾಪದದ ಆಯ್ಕೆ ತುಂಬಿದೆ, ಅದಕ್ಕೆ ಕೊಳ್ಳು, ಬಿಡು, ಹಾಕು, ಹೋಗುಗಳು ಆಸರೆಯಾಗಿವೆ. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ‘ಧೈರ್ಯ ಹೇಳಿದ’ ಎಂಬುದನ್ನು ‘ಟೋಲ್ಡ್ ಕರೇಜ್’ ಎಂದು ಬರೆದಾಗ ಮೇಷ್ಟರು ಕೆಂಪು ಗೆರೆ ಎಳೆಯುತ್ತಾರೆ. ಆ ಮಗು ತನ್ನ ಭಾಷೆಯ ಒಂದು ಸೂಕ್ಷ್ಮ ವ್ಯವಸ್ಥೆಯನ್ನು ನಿಷ್ಠೆಯಿಂದ ಅನುಸರಿಸಿದೆ ಎಂಬುದನ್ನೂ ಅವರು ಗಮನಿಸಬೇಕೆಂಬುದು ನನ್ನ ಆಸೆ.

ಈ ವ್ಯವಸ್ಥೆಯಲ್ಲಿ ಒಂದು ರಚನೆಯ ಗುಟ್ಟಿದೆ. “ಧೈರ್ಯ ಮಾಡಿ ಕೇಳಿದೆ” ಎನ್ನುತ್ತೇವೆ. “ಧೈರ್ಯವನ್ನು ಮಾಡಿ ಕೇಳಿದೆ” ಎಂದರೆ ಕಿವಿ ಒಪ್ಪುವುದಿಲ್ಲ. ಮನಸ್ಸು ಮಾಡಿದೆ, ಕೋಪ ಮಾಡಿಕೊಂಡ, ಜಗಳ ಆಡಿದರು: ಎಲ್ಲ ಕಡೆಯೂ ನಾಮಪದ ವಿಭಕ್ತಿ ತೊಡದೆ ಕ್ರಿಯಾಪದಕ್ಕೆ ಅಂಟಿ ಕೂರುತ್ತದೆ. ಹಳೆಯ ವ್ಯಾಕರಣಕಾರರು ಇದರ ಬಿಗಿಯಾದ ರೂಪವನ್ನು ಕ್ರಿಯಾಸಮಾಸ ಎಂದರು. ಕೈಮುಗಿ, ಕಣ್ದೆರೆ, ಮೈದೊಳೆ ಅದರ ಪ್ರಸಿದ್ಧ ಉದಾಹರಣೆಗಳು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಬೆರೆಸಿ ಸಮಾಸ ಮಾಡುವುದನ್ನು ಅರಿಸಮಾಸವೆಂದು ಕರೆದು ಅಂಕೆ ಹಾಕಿದ. ಆದರೆ ಸಂಸ್ಕೃತದ ಭಾವನಾಮಕ್ಕೆ ಕನ್ನಡದ ಕ್ರಿಯೆ ಸೇರಿದಲ್ಲಿ ಆ ದೋಷವನ್ನು ಎಣಿಸುವುದಿಲ್ಲವೆಂದು ನಮಗೆ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ‘ಧೈರ್ಯಗೆಡು’ ನೋಡಿ: ಧೈರ್ಯ ಸಂಸ್ಕೃತದ್ದು, ಕೆಡು ಕನ್ನಡದ್ದು, ಕಕಾರ ಗಕಾರವಾಗಿ ಎರಡೂ ಬೆಸೆದಿವೆ. ನನ್ನ ವಾದ ಇಷ್ಟು. ವ್ಯಾಕರಣ ತೆರೆದಿಟ್ಟ ಈ ಬಾಗಿಲಿನಿಂದ ಹಿಂದೆ ಸಂಸ್ಕೃತ, ಆಮೇಲೆ ಪಾರ್ಸಿ ಮತ್ತು ಉರ್ದು, ಈಗ ಇಂಗ್ಲಿಷ್ ಒಳಗೆ ಬಂದಿವೆ.

ಸಂಸ್ಕೃತಕ್ಕೆ ಇನ್ನೊಂದು ಬಾಗಿಲೂ ಇತ್ತು, ‘ಇಸು’ ಪ್ರತ್ಯಯದ್ದು: ಯೋಚಿಸು, ಪ್ರೀತಿಸು, ಭಾವಿಸು. ಆಡುಮಾತು ಅದನ್ನು ಕ್ರಮೇಣ ಬದಿಗಿಟ್ಟಿತು. ಉಲ್ಲಾಳದ ಮನೆಗಳಲ್ಲಿ ಯಾರೂ ‘ಯೋಚಿಸುತ್ತಿದ್ದೇನೆ’ ಎನ್ನುವುದಿಲ್ಲ, ‘ಯೋಚನೆ ಮಾಡ್ತಿದೀನಿ’ ಎನ್ನುತ್ತಾರೆ. ಕಂದಾಯದ ಕಾಗದಗಳ ಜೊತೆ ಬಂದ ಪಾರ್ಸಿ ಮತ್ತು ಅರಬ್ಬಿ ಮೂಲದ ಮಾತುಗಳೂ ಇದೇ ಹಾದಿ ಹಿಡಿದವು. ಜಮಾ ಮಾಡು, ಹಾಜರಾಗು, ಮಂಜೂರಾಗು, ವಜಾ ಮಾಡು. ಹೀಗೆ ಹಾದಿ ಸವೆದಿದ್ದರಿಂದ ಇಂಗ್ಲಿಷಿನ ಕೂಡುಕ್ರಿಯೆಗೆ ಹೊಸ ವ್ಯಾಕರಣ ಬೇಕಾಗಲಿಲ್ಲ. ಇದಕ್ಕೊಂದು ಉದಾಹರಣೆ: 2021ರ ಆಗಸ್ಟ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ಕೆಂಗೇರಿ ಮುಟ್ಟಿತು. “ಜ್ಞಾನಭಾರತಿ ಸ್ಟೇಷನ್ ಹತ್ರ ಪಿಕಪ್ ಮಾಡು” ಎಂಬ ಮಾತು ದಿನಚರಿಯ ಭಾಗವಾಯಿತು. ಅದರ ವಾಕ್ಯರಚನೆಗೆ ಮಾತ್ರ ‘ಜಮಾ ಮಾಡು’ವಿನಷ್ಟೇ ವಯಸ್ಸು.

ಆದರೆ ಇಂಗ್ಲಿಷ್ ಪದಕ್ಕೆ ಪೂರ್ತಿ ಒಳಮನೆ ಸಿಕ್ಕಿಲ್ಲ. ಬ್ರೇಕಪ್ ಎಂಬುದಕ್ಕೆ ‘ಆಯ್ತು’ ಸೇರಿದಾಗ ‘ಬ್ರೇಕಪ್ಪಾಯ್ತು’ ಎಂದು ಪಕಾರ ಇಮ್ಮಡಿಸುತ್ತದೆ, ‘ಸೆಟಪ್ಪು’, ‘ಬಿಲ್ಡಪ್ಪು’ ಎಂದು ಉಕಾರವೂ ಬರುತ್ತದೆ. ಆದರೂ ‘ಧೈರ್ಯಗೆಡು’ವಿನಂತೆ ‘ಸೆಟಪ್‌ಗೆಡು’ ಆಗುವುದಿಲ್ಲ. ಪಕ್ಕದಲ್ಲಿ ಕೂರಲು ಜಾಗವುಂಟು, ಬೆಸೆದು ಸಮಾಸವಾಗಲು ಅನುಮತಿಯಿಲ್ಲ.

ರೂಪದಿಂದ ಅರ್ಥಕ್ಕೆ ಬಂದರೆ, ಈಗ ‘ವರ್ಕೌಟ್’. “ವರ್ಕೌಟ್ ಮಾಡ್ತೀನಿ” ಎಂದರೆ ಜಿಮ್ಮಿಗೆ ಹೋಗುವ ಮಾತು. “ವರ್ಕೌಟ್ ಆಗಲ್ಲ” ಎಂದರೆ ಮದುವೆ ಮಾತುಕತೆಯೋ ಸೈಟಿನ ವ್ಯವಹಾರವೋ ಕೈಗೂಡುವುದಿಲ್ಲ ಎಂದು. ಇಂಗ್ಲಿಷಿನಲ್ಲಿ ಈ ಎರಡರ್ಥಗಳು ಸಂದರ್ಭದಿಂದ ಬೇರ್ಪಡುತ್ತವೆ, ಇಲ್ಲಿ ಮಾಡು ಮತ್ತು ಆಗು ಬೇರ್ಪಡಿಸಿ ಕೊಡುತ್ತವೆ. ಅದಕ್ಕಿಂತ ಅಚ್ಚರಿಯದು ‘ಬಿಲ್ಡಪ್’. ಮೂಲದಲ್ಲಿ ಕಟ್ಟುತ್ತ ಹೋಗುವುದು ಎಂಬರ್ಥದ ಈ ಜೋಡಿ ಬೆಂಗಳೂರಿನಲ್ಲಿ ಡೌಲು ಎಂಬರ್ಥದ ಭಾವನಾಮವೇ ಆಗಿದೆ. ಅದಕ್ಕೆ ಒದಗಿದ ಕ್ರಿಯೆ ‘ಕೊಡು’. “ಜಾಸ್ತಿ ಬಿಲ್ಡಪ್ ಕೊಡಬೇಡ.” ಏಕೆ ಕೊಡು? ಮರ್ಯಾದೆ ಕೊಡು, ಕಾಟ ಕೊಡು, ಪೋಸು ಕೊಡು ಎಂಬ ಸಾಲಿನಲ್ಲಿ, ಎದುರಿನವರು ಅನುಭವಿಸಬೇಕಾದ್ದನ್ನು ಹೇಳುವ ಭಾವನಾಮಗಳಿಗೆ ಕನ್ನಡ ಕೊಡುವಿನ ಜೋಡಿ ಗೊತ್ತು ಮಾಡಿಟ್ಟಿದೆ. ಬಿಲ್ಡಪ್ಪಿಗೂ ನೋಡುವವರು ಬೇಕೇ ಬೇಕು. ಹೊಸಬನಾದರೂ ಅದು ಸರಿಯಾದ ಪಂಕ್ತಿಯಲ್ಲೇ ಕೂತಿತು.

ಇದೇ ಬಗೆಯದು “ಫೋನ್ ಸ್ವಿಚಾಫ್ ಬರ್ತಿದೆ.” ಫೋನು ಆರಿಸಿದವರು ಇನ್ನೊಬ್ಬರು. ಕರೆ ಮಾಡಿದವರಿಗೆ ತಿಳಿಯುವುದು ತಮ್ಮ ಕಿವಿಗೆ ಬಂದದ್ದು ಮಾತ್ರ. ಕೋಪ, ನಗು, ನಿದ್ದೆ, ಜ್ವರ ಬರುವ ಭಾಷೆಯಲ್ಲಿ ಸ್ವಿಚಾಫ್ ಕೂಡ ಬರುತ್ತದೆ.

ಹಾಗಾದರೆ ಕನ್ನಡದ ಭಾವನಾಮ ಇಂಗ್ಲಿಷ್ ಕೂಡುಕ್ರಿಯೆಯ ಕರ್ಮವಾಗುತ್ತದೆಯೇ? “ಗಿವಪ್ ಮಾಡ್ಬಿಟ್ಟೆ” ಎಂಬುದು ಸುಲಭವಾಗಿ ಕೇಳಸಿಗುತ್ತದೆ. “ಆಸೆ ಗಿವಪ್ ಮಾಡ್ದೆ” ಎಂಬುದು ನನ್ನ ಕಿವಿಗೆ ಬಿದ್ದಿಲ್ಲ. ಕಾರಣ ಮೇಲೆ ಹೇಳಿದ ರಚನೆಯಲ್ಲೇ ಇದೆ. ‘ಮಾಡು’ವಿನ ಮಗ್ಗುಲಿಗೆ ವಿಭಕ್ತಿಯಿಲ್ಲದೆ ಕೂರಲು ಒಂದೇ ಜಾಗ, ಅದನ್ನು ಗಿವಪ್ ಹಿಡಿದಿದೆ. ಆಸೆ ಬರಬೇಕಾದರೆ ವಿಭಕ್ತಿ ತೊಟ್ಟು ದೂರ ನಿಲ್ಲಬೇಕು. ಅಷ್ಟು ಕಷ್ಟಪಡುವ ಬದಲು ಮಾತಾಡುವವರು “ಆಸೆ ಬಿಟ್ಟೆ” ಎಂದು ಮುಗಿಸುತ್ತಾರೆ. ಇನ್ನೂ ಒಂದು ಅಂಶ: ಗಿವಪ್ ಜೊತೆ ‘ಬಿಡು’ ತಪ್ಪದೆ ಬರುವುದೇಕೆ? ಕೊನೆ ಮುಟ್ಟಿತು ಎಂಬ ಭಾವ ಇಂಗ್ಲಿಷಿನ ‘ಅಪ್’ನಲ್ಲೇ ಇದೆ. ಕನ್ನಡದ ಕಿವಿಗೆ ಅದು ತಟ್ಟುವುದಿಲ್ಲ. ತಟ್ಟುವುದು ‘ಬಿಟ್ಟೆ’ಯೇ.

ಇದಕ್ಕೆ ಎದುರು ನಿಲ್ಲುವ ಸಾಕ್ಷ್ಯವನ್ನೂ ಇಡಬೇಕು. ಕೋಚಿಂಗ್ ತರಗತಿಯ ಮಾತಿನಲ್ಲಿ “ಕಾನ್ಫಿಡೆನ್ಸ್ ಬಿಲ್ಡಪ್ ಮಾಡ್ಕೋಬೇಕು” ಎಂಬುದುಂಟು. ಅಲ್ಲಿ ಭಾವನಾಮವೂ ಇಂಗ್ಲಿಷಿನದೇ; ಜೋಡಿ ಜೋಡಿಯಾಗಿಯೇ ವಲಸೆ ಬಂದಿದೆ, ಬಿಲ್ಡಪ್ ತನ್ನ ಹಳೆಯ ಅರ್ಥವನ್ನೂ ಉಳಿಸಿಕೊಂಡಿದೆ. “ನಂಬಿಕೆ ಬಿಲ್ಡಪ್ ಮಾಡ್ಕೋ” ಎಂದು ಅದೇ ಅಧ್ಯಾಪಕರು ಹೇಳಲಾರರು. ನಂಬಿಕೆಗೆ ಬೆಳೆಸು, ಇಡು, ಹುಟ್ಟು ಎಂಬ ತನ್ನದೇ ಬಳಗವಿದೆ. ಇನ್ನೊಂದೆಡೆ ‘ಟೆನ್ಷನ್’ ಎಂಬ ಭಾವನಾಮ ತನ್ನ ಇಂಗ್ಲಿಷ್ ಒಡನಾಡಿಗಳನ್ನು ಪೂರ್ತಿ ತೊರೆದು ಟೆನ್ಷನ್ ಆಗು, ಟೆನ್ಷನ್ ಕೊಡು, ಟೆನ್ಷನ್ ತಗೋ, ಟೆನ್ಷನ್ ಮಾಡ್ಕೋ ಎಂದು ಬೇಜಾರು, ಚಿಂತೆಗಳ ಮನೆಗೇ ದತ್ತುಹೋಗಿದೆ. ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್ 1978ರಷ್ಟು ಹಿಂದೆಯೇ ಕನ್ನಡದ ಬೆರಕೆಮಾತಿನ ಪ್ರಯೋಜನಗಳನ್ನು ವಿವೇಚಿಸಿ ಅದು ಬೇಕಾಬಿಟ್ಟಿ ಕಲಬೆರಕೆಯಲ್ಲ ಎಂಬ ವಿಚಾರಕ್ಕೆ ಬುನಾದಿ ಹಾಕಿದ್ದರು. ಅಂಥ ಅಧ್ಯಯನ ಈಗ ಭಾವನಾಮಗಳತ್ತ ಹೊರಳಬೇಕಿದೆ. ಯಾವ ಕ್ರಿಯೆ ಯಾವ ಭಾವಕ್ಕೆ ಒದಗುತ್ತದೆ ಎಂಬುದರಲ್ಲಿ ನಮ್ಮ ಜನ ಆ ಭಾವವನ್ನು ಹೇಗೆ ಬಗೆಯುತ್ತಾರೆಂಬುದು ತಿಳಿಯುತ್ತದೆ.

ಕೊನೆಯದಾಗಿ ಬ್ರೇಕಪ್ಪನ್ನೇ ಮತ್ತೆ ನೋಡಬಹುದು. ಇಂಗ್ಲಿಷಿನಲ್ಲಿ ಒಬ್ಬರು ಇನ್ನೊಬ್ಬರೊಡನೆ ‘ಬ್ರೇಕ್ ಅಪ್’ ಮಾಡುತ್ತಾರೆ; ಕರ್ತೃ ವಾಕ್ಯದ ಮುಂದೆಯೇ ನಿಂತಿರುತ್ತಾನೆ. ಉಲ್ಲಾಳದ ಬಸ್ ನಿಲ್ದಾಣದಲ್ಲಿ ಕಾಲೇಜಿನ ಹುಡುಗಿ ಗೆಳತಿಗೆ ಹೇಳುವುದು ಹೀಗೆ: “ನಂಗೂ ಅವನಿಗೂ ಬ್ರೇಕಪ್ಪಾಯ್ತು ಕಣೇ.” ಎರಡು ಚತುರ್ಥಿ ವಿಭಕ್ತಿ, ಒಂದು ಆಯ್ತು, ಕರ್ತೃವೇ ಇಲ್ಲ. ಇದು “ನಂಗೂ ಅವನಿಗೂ ಜಗಳ ಆಯ್ತು” ಎಂಬುದರ ಅಚ್ಚು. ಯಾರು ಬಿಟ್ಟರು, ಯಾರನ್ನು ಬಿಟ್ಟರು ಎಂದು ತಿಳಿಯಬೇಕಾದರೆ ಗೆಳತಿ ಇನ್ನೊಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆ ಬರುವುದು ಅಚ್ಚಗನ್ನಡದ ಕ್ರಿಯೆಯಲ್ಲಿ: “ನೀನ್ ಬಿಟ್ಯಾ, ಅವ್ನೇ ಬಿಟ್ನಾ?”