ತಂತ್ರಾಂಶ ನಿರ್ವಹಣೆಯಲ್ಲಿ ತಾಂತ್ರಿಕ ದಸ್ತಾವೇಜುಗಳ ಬಳಕೆ

ಗಣಕೀಕೃತ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು, ಸಣ್ಣ ತಿದ್ದುಪಡಿಗೂ ಹಲವು ದಿನಗಳು ಏಕೆ ಬೇಕೆಂದು ಪ್ರಶ್ನಿಸುವುದು ಸಹಜ. ತಂತ್ರಾಂಶವನ್ನು ತಿದ್ದುವುದಕ್ಕಿಂತ ಅದನ್ನು ಅರಿಯುವುದಕ್ಕೇ ಹೆಚ್ಚು ಸಮಯ ತಗಲುತ್ತದೆ. ರಚಿಸಿದವರೇ ಅದನ್ನು ಕೊನೆಯವರೆಗೂ ನಿರ್ವಹಿಸುವುದು ವಿರಳ. ನಿರ್ವಹಣೆಯೆಂದರೆ ದೋಷ ನಿವಾರಣೆಯಷ್ಟೇ ಅಲ್ಲ. ಕಾಯ್ದೆ, ಶುಲ್ಕ ಅಥವಾ ನಮೂನೆ ಬದಲಾದಾಗ ಅದಕ್ಕೆ ತಂತ್ರಾಂಶವನ್ನು ಹೊಂದಿಸುವುದೂ ಆಗಿದೆ.

ತಂತ್ರಜ್ಞರು ಸಾಮಾನ್ಯವಾಗಿ ಮೊದಲು ಓದುವುದು ಸೋರ್ಸ್ ಕೋಡನ್ನು ಹಾಗೂ ಅದರೊಳಗೆ ಬರೆದಿರುವ ಟಿಪ್ಪಣಿಗಳನ್ನು. ಅನಂತರ ದತ್ತಾಂಶ ಕೋಷ್ಟಕಗಳ ವಿವರಣೆ, ಅಗತ್ಯಗಳ ಪಟ್ಟಿ. ನೂರಾರು ಪುಟಗಳ ವಿನ್ಯಾಸ ವರದಿ ಬಹುಪಾಲು ಕಪಾಟಿನಲ್ಲಿಯೇ ಉಳಿಯುತ್ತದೆ. 2003ರಲ್ಲಿ ಐಇಇಇ ಸಾಫ್ಟ್‌ವೇರ್ ನಿಯತಕಾಲಿಕೆಯಲ್ಲಿ ಲೆತ್‌ಬ್ರಿಜ್, ಸಿಂಗರ್ ಮತ್ತು ಫಾರ್ವರ್ಡ್ ಅವರು ಪ್ರಕಟಿಸಿದ ಅಧ್ಯಯನವು, ತಂತ್ರಾಂಶ ಬದಲಾದರೂ ದಸ್ತಾವೇಜು ಪರಿಷ್ಕರಣೆಯಾಗದಿರುವುದು ಸಾಮಾನ್ಯವೆಂದು ತಿಳಿಸಿತು. ಆದರೂ ಹಳೆಯ ದಸ್ತಾವೇಜು ನಿರುಪಯುಕ್ತವಲ್ಲವೆಂಬುದನ್ನೂ ಅದೇ ಅಧ್ಯಯನ ಗುರುತಿಸಿದೆ. ಬಿಡಿ ವಿವರಗಳು ಬೇಗ ಬದಲಾಗುತ್ತವೆ, ಒಟ್ಟು ರಚನೆ ನಿಧಾನವಾಗಿ ಬದಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಂತ್ರಾಂಶವು ಏನು ಮಾಡುತ್ತದೆ ಎಂಬುದನ್ನು ಕೋಡ್ ಹೇಳುತ್ತದೆ. ಏಕೆ ಹಾಗೆ ಮಾಡುತ್ತದೆ ಎಂಬುದನ್ನು ಹೇಳುವುದಿಲ್ಲ. ಉದಾಹರಣೆಗೆ, ಪಹಣಿಗಳ ಗಣಕೀಕರಣಕ್ಕಾಗಿ ಕರ್ನಾಟಕದ ಕಂದಾಯ ಇಲಾಖೆಯು 2000ದ ದಶಕದ ಆರಂಭದಲ್ಲಿ ಜಾರಿಗೊಳಿಸಿದ ‘ಭೂಮಿ’ ಯೋಜನೆಯಲ್ಲಿ, ಹಕ್ಕು ಬದಲಾವಣೆಯ ಅರ್ಜಿಗಳನ್ನು ಸ್ವೀಕೃತಿಯ ಸರದಿಯಂತೆಯೇ ಪರಿಗಣಿಸಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಗಿತ್ತು. ಪ್ರಭಾವ ಬೀರಿ ಒಬ್ಬರ ಅರ್ಜಿಯನ್ನು ಮುಂದೆ ತರುವುದನ್ನು ತಡೆಯುವುದು ಇದರ ಉದ್ದೇಶ. ಈ ಹಿನ್ನೆಲೆ ಎಲ್ಲಿಯೂ ಬರೆದಿರದಿದ್ದಲ್ಲಿ, ಹೊಸದಾಗಿ ಬಂದ ತಂತ್ರಜ್ಞರಿಗೆ ಅದು ಕೆಲಸವನ್ನು ತಡಮಾಡುವ ದೋಷವಾಗಿ ಕಾಣಬಹುದು. ಸದುದ್ದೇಶದಿಂದ ಅದನ್ನು ತೆಗೆದುಹಾಕಿದರೂ ನಷ್ಟವಾಗುವುದು ಸರದಿಯಲ್ಲಿ ಕಾದಿರುವ ರೈತರಿಗೆ. ಆದುದರಿಂದ ಎರಡು ಸಾಲಿನ ಕಾರಣವು ಅನೇಕ ವೇಳೆ ಇಡೀ ವರದಿಗಿಂತ ಬೆಲೆಯುಳ್ಳದ್ದು.

ದೋಷಗಳ ನೋಂದಣಿ ವಹಿಯೂ ಇಂತಹ ದಸ್ತಾವೇಜೇ ಆಗಿದೆ. ವರ್ಷಗಳ ಹಿಂದಿನ ದೂರನ್ನು ಓದಿ ತಂತ್ರಜ್ಞರು ಇಂದಿನ ಸಮಸ್ಯೆಯ ಮೂಲವನ್ನು ಪತ್ತೆಹಚ್ಚುವುದುಂಟು. ಆದ್ದರಿಂದ ದೂರು ಸಲ್ಲಿಸುವಾಗ “ಗಣಕಯಂತ್ರ ಕೆಲಸ ಮಾಡುತ್ತಿಲ್ಲ” ಎಂದಷ್ಟೇ ಬರೆಯದೆ, ಅರ್ಜಿಯ ಸಂಖ್ಯೆ, ದಿನಾಂಕ, ವೇಳೆ ಹಾಗೂ ಪರದೆಯ ಮೇಲೆ ಮೂಡಿದ ಸಂದೇಶವನ್ನು ಇದ್ದಂತೆಯೇ ನಮೂದಿಸುವುದು.