ಬಂದರು ಕಾರ್ಮಿಕರ ಮಕ್ಕಳಿಂದ ಮೊದಲಾದ ದಂತವಿಮೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೈಗೆಲ್ಲ ಒಂದು ವಿಮೆ, ಹಲ್ಲಿಗೆ ಮಾತ್ರ ಇನ್ನೊಂದು ವಿಮೆ ಎಂಬ ಏರ್ಪಾಡು ಇಂದು ತೀರ ರೂಢಿಯಾಗಿರುವುದರಿಂದ, ಅದಕ್ಕೂ ಒಂದು ಚರಿತ್ರೆಯುಂಟು ಎಂಬುದು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಈ ಬೇರ್ಪಾಡಿನ ಮೂಲ 1840ರಷ್ಟು ಹಿಂದಿನದು. ಆ ವರ್ಷ ಹೊರೇಸ್ ಹೇಡನ್ ಮತ್ತು ಚಾಪಿನ್ ಹ್ಯಾರಿಸ್ ಬಾಲ್ಟಿಮೋರ್ ನಗರದಲ್ಲಿ ಜಗತ್ತಿನ ಮೊದಲ ದಂತವೈದ್ಯ ಕಾಲೇಜನ್ನು ಸ್ವತಂತ್ರ ಸಂಸ್ಥೆಯಾಗಿ ಸ್ಥಾಪಿಸಿದರು. ಅಂದಿನಿಂದ ದಂತವೈದ್ಯರ ಶಿಕ್ಷಣ, ಸಂಘ, ಪರವಾನಗಿ ಎಲ್ಲವೂ ವೈದ್ಯರಿಂದ ಬೇರೆಯಾಗಿಯೇ ಬೆಳೆದವು. 1929ರಲ್ಲಿ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯು ತಿಂಗಳಿಗೆ 50 ಸೆಂಟ್ ಕೊಡುವ ಶಾಲಾ ಶಿಕ್ಷಕರಿಗೆ 21 ದಿನಗಳ ಒಳರೋಗಿ ಆರೈಕೆಯ ಭರವಸೆಯಿತ್ತು ಆರೋಗ್ಯವಿಮೆಯ ಹೊಸ ದಾರಿಯನ್ನು ತೆರೆದಾಗ, ಆ ಏರ್ಪಾಡು ಸುತ್ತುವರಿದದ್ದು ಆಸ್ಪತ್ರೆಯ ಹಾಸಿಗೆಯನ್ನು. ಬೀದಿಬದಿಯ ಸ್ವಂತ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದ ದಂತವೈದ್ಯ ಅದರ ಹೊರಗೇ ಉಳಿದ.

ವಿಮಾದಾರರು ಹಲ್ಲನ್ನು ದೂರವಿಟ್ಟದ್ದಕ್ಕೆ ಅವರ ಶಾಸ್ತ್ರದಲ್ಲಿಯೇ ಕಾರಣವಿತ್ತು. ಯಾರಿಗೆ, ಯಾವಾಗ ಬಂದೀತೆಂದು ತಿಳಿಯದ, ಬಂದರೆ ಒಂದು ಮನೆತನವನ್ನೇ ಮುಳುಗಿಸಬಲ್ಲ ನಷ್ಟವನ್ನು ಅನೇಕರ ಮೇಲೆ ಹಂಚುವುದೇ ವಿಮೆ. ಹುಳುಕು ಹಲ್ಲಾದರೋ ಹೆಚ್ಚುಕಡಿಮೆ ಎಲ್ಲರಿಗೂ ಬರುವಂಥದು, ನಿಧಾನವಾಗಿ ಬರುವಂಥದು, ಚಿಕಿತ್ಸೆಯನ್ನು ಮುಂದಕ್ಕೆ ಹಾಕಬಹುದಾದಂಥದು. ಹೀಗಾಗಿ ದಂತವಿಮೆ ಎಂದು ಕರೆಯಲಾದದ್ದು ನಿಜವಾದ ಅರ್ಥದಲ್ಲಿ ವಿಮೆಯಲ್ಲ, ಬರಲಿರುವ ಖರ್ಚಿಗೆ ಗುಂಪಾಗಿ ಮುಂಗಡ ಕಟ್ಟುವ ಪದ್ಧತಿ. ಅದರ ಮುಂದಿನ ಎಲ್ಲ ಷರತ್ತುಗಳ ಗುಟ್ಟು ಈ ವ್ಯತ್ಯಾಸದಲ್ಲಿದೆ.

ಹಲ್ಲಿನ ದುಃಸ್ಥಿತಿಯು ದೇಶದ ಕಣ್ಣಿಗೆ ಬಿದ್ದದ್ದು ಎರಡನೆಯ ಮಹಾಯುದ್ಧದ ಸೈನ್ಯಭರ್ತಿಯಲ್ಲಿ. ಒಂದಕ್ಕೊಂದು ಕೂಡುವ ಆರು ಜೋಡಿ ಹಲ್ಲುಗಳಷ್ಟೇ ಬೇಕೆಂಬ ನಿಯಮವಿದ್ದರೂ ಆರಂಭದಲ್ಲಿ ಯುವಕರು ತಿರಸ್ಕೃತರಾಗುತ್ತಿದ್ದ ಮುಖ್ಯ ಕಾರಣಗಳಲ್ಲಿ ಹಲ್ಲಿನ ದೋಷವೇ ಮುಂದಿತ್ತು. ಕಡೆಗೆ ನಿಯಮವನ್ನೇ ಸಡಿಲಿಸಬೇಕಾಯಿತು. ಅದೇ ಯುದ್ಧಕಾಲದಲ್ಲಿ, 1942ರ ಕಾನೂನು ಕೂಲಿಯ ಏರಿಕೆಗೆ ಕಡಿವಾಣ ಹಾಕಿ ವಿಮೆಯಂಥ ಸೌಲಭ್ಯಗಳನ್ನು ಅದರಿಂದ ಹೊರಗಿಟ್ಟಿತು. ಕಾರ್ಮಿಕ ಸಂಘಗಳು ಸಂಬಳದ ಜೊತೆಗೆ ಆರೋಗ್ಯನಿಧಿಗಾಗಿಯೂ ಚೌಕಾಸಿ ಮಾಡುವ ರೂಢಿ ಬಲವಾಯಿತು.

ಈ ರೂಢಿಯಿಂದಲೇ 1954ರಲ್ಲಿ ದಂತವಿಮೆ ಹುಟ್ಟಿತು. ಪೆಸಿಫಿಕ್ ಕರಾವಳಿಯ ಹಡಗುಗಳಿಂದ ಸರಕು ಇಳಿಸುವ, ಏರಿಸುವ ಕಾರ್ಮಿಕರ ಸಂಘ, ಹ್ಯಾರಿ ಬ್ರಿಜಸ್ ನಾಯಕತ್ವದ ಐಎಲ್‌ಡಬ್ಲ್ಯುಯು, ಹಡಗು ಮಾಲೀಕರ ಒಕ್ಕೂಟದೊಡನೆ ಸೇರಿ ನಡೆಸುತ್ತಿದ್ದ ಕಲ್ಯಾಣನಿಧಿಯ ಹಣವನ್ನು ಸದಸ್ಯರ 15 ವರ್ಷದೊಳಗಿನ ಮಕ್ಕಳ ಹಲ್ಲುಗಳಿಗೆ ಮೀಸಲಿಟ್ಟಿತು. ಭಾರ ಹೊತ್ತು ಬೆನ್ನು ಸವೆಸಿದವರು ತಮ್ಮ ಬಾಯಿಯನ್ನು ಬಿಟ್ಟು ಮಕ್ಕಳ ಬಾಯಿಯನ್ನು ಆರಿಸಿಕೊಂಡ ಈ ನಿರ್ಣಯದಲ್ಲಿ ಮಮತೆಯಷ್ಟೇ ಲೆಕ್ಕಾಚಾರವೂ ಇತ್ತು. ವಯಸ್ಕರ ಬಾಯಲ್ಲಿ ದಶಕಗಳ ಹುಳುಕು ಬಾಕಿ ಬಿದ್ದಿರುತ್ತದೆ. ಅದನ್ನು ತೀರಿಸಲು ಹೊರಟರೆ ಯಾವ ನಿಧಿಯೂ ಸಾಲದು. ಎಳೆಯ ಹಲ್ಲನ್ನು ವರ್ಷವರ್ಷವೂ ನೋಡಿ, ಚಿಕ್ಕ ಕುಳಿಯನ್ನು ಆಗಲೇ ತುಂಬಿಸುತ್ತ ಹೋದರೆ ಖರ್ಚು ಕಡಿಮೆಯಾಗುತ್ತದೆ, ಹಲ್ಲೂ ಉಳಿಯುತ್ತದೆ. ಬಾಕಿಯ ಭಯ ಕಲ್ಪನೆಯದಾಗಿರಲಿಲ್ಲ. 1948ರ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ಉಚಿತ ದಂತಚಿಕಿತ್ಸೆಯನ್ನು ಎಲ್ಲರಿಗೂ ತೆರೆದಾಗ ಹಲ್ಲಿನ ಸೆಟ್ಟಿಗಾಗಿ ಬಂದ ಬೇಡಿಕೆಯು ಅಂದಾಜುಗಳನ್ನೆಲ್ಲ ಮೀರಿತ್ತು. 1951ರಲ್ಲಿ ಅಲ್ಲಿನ ಸರ್ಕಾರವು ಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ವಿಧಿಸಲು ಹೊರಟದ್ದನ್ನು ವಿರೋಧಿಸಿ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಮಂತ್ರಿಪದವಿಯನ್ನೇ ತೊರೆದಿದ್ದರು.

ಕಾರ್ಮಿಕರ ಈ ಹಣವನ್ನು ಪಡೆದು ಚಿಕಿತ್ಸೆ ಒದಗಿಸಲು ವಾಷಿಂಗ್ಟನ್, ಆರೆಗಾನ್, ಕ್ಯಾಲಿಫೋರ್ನಿಯ ರಾಜ್ಯಗಳ ದಂತವೈದ್ಯರ ಸಂಘಗಳು ಲಾಭೋದ್ದೇಶವಿಲ್ಲದ ಸೇವಾಸಂಸ್ಥೆಗಳನ್ನು ಕಟ್ಟಿದವು. ಮುಂದೆ ಡೆಲ್ಟಾ ಡೆಂಟಲ್ ಎಂಬ ಹೆಸರಿನಲ್ಲಿ ದೇಶವನ್ನೆಲ್ಲ ವ್ಯಾಪಿಸಿದ ಜಾಲದ ಮೂಲ ಇವೇ. ಇವುಗಳಲ್ಲಿ ರೋಗಿಯು ಇಷ್ಟಬಂದ ದಂತವೈದ್ಯನ ಬಳಿಗೆ ಹೋಗಬಹುದಿತ್ತು, ಮಾಡಿದ ಕೆಲಸದ ಲೆಕ್ಕದಲ್ಲಿ ವೈದ್ಯನಿಗೆ ಹಣ ಸಲ್ಲುತ್ತಿತ್ತು. ಲಾಸ್ ಏಂಜಲಿಸ್ ಬಂದರಿನ ಬಳಿ ಮ್ಯಾಕ್ಸ್ ಶೋನ್ ಎಂಬ ದಂತವೈದ್ಯರು ಬೇರೊಂದು ಮಾದರಿಯನ್ನು ಬೆಳೆಸಿದರು: ಹಲವರು ಒಂದೇ ಕಡೆ ಕೂಡಿ ಕೆಲಸ ಮಾಡಿ, ತಲೆಗಿಷ್ಟೆಂದು ನಿಗದಿಯಾದ ಹಣವನ್ನು ಪಡೆಯುವ ಪದ್ಧತಿ. ಇಂದಿನ ಕುಟುಂಬವು ಪಾಲಿಸಿ ಕೊಳ್ಳುವಾಗ ಎದುರಿಸುವ ಮುಖ್ಯ ಆಯ್ಕೆ, ಹೆಚ್ಚು ಕಂತು ಕಟ್ಟಿ ವೈದ್ಯರ ದೊಡ್ಡ ಪಟ್ಟಿಯಿಂದ ಆರಿಸಿಕೊಳ್ಳುವ ಪಿಪಿಒ ಬೇಕೋ, ಕಡಿಮೆ ಕಂತಿಗೆ ಗೊತ್ತಾದ ವೈದ್ಯನಲ್ಲಿಗೇ ಹೋಗುವ ಡಿಎಚ್‌ಎಂಒ ಬೇಕೋ ಎಂಬುದು, ಆ ಎರಡು ಮಾದರಿಗಳ ಮುಂದುವರಿಕೆ.

1973ರಲ್ಲಿ ಮೋಟಾರು ಕಾರ್ಮಿಕರ ಸಂಘವು ದೊಡ್ಡ ಕಾರು ಕಂಪನಿಗಳಿಂದ ದಂತವಿಮೆಯನ್ನು ಪಡೆದ ಮೇಲೆ ಅದು ಕೈಗಾರಿಕಾ ಉದ್ಯೋಗದ ಸಾಮಾನ್ಯ ಸೌಲಭ್ಯವಾಯಿತು. ಆ ಕಾಲದಲ್ಲಿ ನೆಲೆಗೊಂಡ ಚೌಕಟ್ಟು ಈಗಲೂ ಹೆಚ್ಚು ಬದಲಾಗಿಲ್ಲ: ತಪಾಸಣೆ ಮತ್ತು ಶುಚಿಗೊಳಿಸುವಿಕೆಗೆ ನೂರಕ್ಕೆ 100, ಹಲ್ಲು ತುಂಬಿಸುವುದಕ್ಕೆ 80, ಕ್ಯಾಪ್ ಹಾಗೂ ಸೆಟ್ಟಿಗೆ 50ರಷ್ಟು ಪಾಲನ್ನು ವಿಮೆ ಕೊಡುತ್ತದೆ. ವರ್ಷದ ಆರಂಭದ ಒಂದಿಷ್ಟು ಖರ್ಚು, ಅಂದರೆ ಡಿಡಕ್ಟಿಬಲ್, ರೋಗಿಯದೇ. ಇವೆಲ್ಲದರ ಮೇಲೆ ವಾರ್ಷಿಕ ಗರಿಷ್ಠ ಮಿತಿಯೊಂದುಂಟು. ಅದನ್ನು ದಾಟಿದ ಖರ್ಚೆಲ್ಲ ರೋಗಿಯ ಹೆಗಲಿಗೆ. ಸಾಮಾನ್ಯ ಆರೋಗ್ಯವಿಮೆಯು ಖರ್ಚು ಮಿತಿಮೀರಿದಾಗ ರೋಗಿಯ ಕೈಹಿಡಿದರೆ ದಂತವಿಮೆಯು ಅಲ್ಲಿಯೇ ಕೈಬಿಡುತ್ತದೆ. 1970ರ ದಶಕದಲ್ಲಿ ಸಾಮಾನ್ಯವಾಗಿದ್ದ 1000 ಡಾಲರ್ ಮಿತಿ ಇಂದಿಗೂ ಅನೇಕ ಪಾಲಿಸಿಗಳಲ್ಲಿ 1000ದಿಂದ 2000 ಡಾಲರಿನೊಳಗೇ ಇದೆ. 1974ರ 1000 ಡಾಲರ್ ಈಗಿನ 6000 ಡಾಲರಿಗೂ ಹೆಚ್ಚಿನ ಬೆಲೆಯದೆಂಬುದನ್ನು ನೆನೆದರೆ, ಹೆಸರು ಉಳಿಸಿಕೊಂಡೇ ರಕ್ಷಣೆ ಎಷ್ಟು ಕರಗಿದೆಯೆಂಬುದು ತಿಳಿಯುತ್ತದೆ. ಉದ್ಯೋಗದಾತನ ಆಸರೆಯಿಲ್ಲದೆ ಒಂಟಿಯಾಗಿ ಪಾಲಿಸಿ ಕೊಳ್ಳುವವರ ಸ್ಥಿತಿ ಇನ್ನೂ ಕಷ್ಟದ್ದು. ಹಲ್ಲು ನೋಯತೊಡಗಿದ ಮೇಲೆಯೇ ಜನ ವಿಮೆ ಕೊಳ್ಳುತ್ತಾರೆಂಬ ಶಂಕೆಯಿಂದ, ದೊಡ್ಡ ಚಿಕಿತ್ಸೆಗಳಿಗೆ ಅವರು ಹಲವು ತಿಂಗಳು, ಕೆಲವೊಮ್ಮೆ ಒಂದು ವರ್ಷ ಕಂತು ಕಟ್ಟುತ್ತ ಕಾಯಬೇಕೆಂಬ ಷರತ್ತು ಸಾಮಾನ್ಯವಾಗಿದೆ.

ಮೈಗೂ ಹಲ್ಲಿಗೂ ನಡುವಿನ ಗೆರೆಯನ್ನು ಸರ್ಕಾರವೂ ಅಳಿಸಲಿಲ್ಲ. 65 ದಾಟಿದವರಿಗಾಗಿ 1965ರಲ್ಲಿ ಬಂದ ಮೆಡಿಕೇರ್ ಕಾನೂನು ಹಲ್ಲಿನ ಸಾಮಾನ್ಯ ಚಿಕಿತ್ಸೆಯನ್ನು ಹೆಸರಿಸಿಯೇ ಹೊರಗಿಟ್ಟಿತು. 2010ರ ಆರೋಗ್ಯ ಸುಧಾರಣಾ ಕಾನೂನು ಮಕ್ಕಳ ದಂತಚಿಕಿತ್ಸೆಯನ್ನು ಅಗತ್ಯ ಸೌಲಭ್ಯಗಳ ಸಾಲಿಗೆ ಸೇರಿಸಿತು, ಅದಕ್ಕೆ ವಾರ್ಷಿಕ ಹಣಮಿತಿ ಇರಕೂಡದೆಂದಿತು. ದೊಡ್ಡವರ ಹಲ್ಲುಗಳಿಗೆ ಅಂಥ ಖಾತರಿ ಕೊಡಲಿಲ್ಲ. ಬಂದರು ಕಾರ್ಮಿಕರು ಕೈಯಲ್ಲಿದ್ದ ಹಣಕ್ಕೆ ತಕ್ಕಂತೆ ಎಳೆದ ಗೆರೆ, ಅವರಿಗಿಂತ ಎಷ್ಟೋ ಪಾಲು ಸಿರಿವಂತವಾದ ರಾಷ್ಟ್ರದ ಕಾನೂನಿನಲ್ಲಿಯೂ ಅಲ್ಲಿಯೇ ನಿಂತಿತು. 1954ರಲ್ಲಿ 10 ವರ್ಷದವನಾಗಿ, ತಂದೆಯ ಸಂಘದ ನಿಧಿಯಿಂದ ಹಲ್ಲು ತುಂಬಿಸಿಕೊಂಡ ಹುಡುಗನೊಬ್ಬ 2009ರಲ್ಲಿ 65ಕ್ಕೆ ಕಾಲಿಟ್ಟಾಗ ಅವನ ಕೈಸೇರಿದ ಮೆಡಿಕೇರ್ ಕಾರ್ಡು, ಅದೇ ಹಲ್ಲು ಮತ್ತೆ ಕೆಟ್ಟರೆ ತುಂಬಿಸಲು ಹಣ ಕೊಡುವಂಥದಾಗಿರಲಿಲ್ಲ.