ಸಕ್ಕರೆ ಪಥ್ಯ: ಮನೆಯ ರೊಟ್ಟಿ, ಪಲ್ಲೆಯಿಂದಲೇ ಶುರು ಮಾಡಿ

ಗುಂಜೋಟಿ: "ಗೋಡ್ ಬಂದ್ ಕರಾ, ಪಥ್ಯ ಪಾಳಾ." ರಕ್ತ ತಪಾಸಣೆಯ ಚೀಟಿ ನೋಡಿ ವೈದ್ಯರು ಮರಾಠಿಯಲ್ಲಿ ಹೇಳುವ ಈ ಎರಡು ಮಾತುಗಳಿಂದ ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಗಡಿ ಹಳ್ಳಿಗಳಲ್ಲಿ ಅನೇಕರ ಪಥ್ಯ ಆರಂಭವಾಗುತ್ತದೆ. ಮನೆಗೆ ಬಂದ ಮೇಲೆ ಪೇಢೆ, ಜಿಲೇಬಿ, ಹೋಳಿಗೆ ನಿಲ್ಲುತ್ತವೆ. ಆದರೆ ತಟ್ಟೆ ತುಂಬ ಅನ್ನ, ಏಕಾದಶಿಯ ಸಾಬುದಾಣಿ ಖಿಚಡಿ, ಚಹಾದ ಜೊತೆಗಿನ ಬಿಸ್ಕಿಟು ಹಾಗೆಯೇ ಉಳಿಯುತ್ತವೆ. ತಿಂಗಳ ನಂತರ ನೋಡಿದರೆ ಸಕ್ಕರೆ ಇಳಿದಿರುವುದಿಲ್ಲ. ಇನ್ನು ಕೆಲವರು ಹೆದರಿ ಊಟವನ್ನೇ ಅರ್ಧ ಮಾಡುತ್ತಾರೆ. ಮಾತ್ರೆ ನುಂಗಿ ಹೊಲಕ್ಕೆ ಹೋದವರು ಅಲ್ಲಿ ತಲೆಸುತ್ತಿ ಬೀಳುತ್ತಾರೆ.

ಇವೆರಡನ್ನೂ ತಪ್ಪಿಸುವ ದಾರಿ ಕಷ್ಟದ್ದಲ್ಲ. ದಿನವೂ ಮನೆಯಲ್ಲಿ ಆಗುವ ನಾಲ್ಕಾರು ಸರಳ ಅಡಿಗೆಗಳನ್ನು ಆರಿಸಿಕೊಂಡು, ಅಳತೆ ಹಿಡಿದು, ಹೊತ್ತಿಗೆ ಸರಿಯಾಗಿ ಉಣ್ಣುವುದೇ ಪಥ್ಯ. ಪೇಟೆಯ ದುಬಾರಿ ಡಬ್ಬಿಗಳು ಇದಕ್ಕೆ ಬೇಕಾಗಿಲ್ಲ.

ಚೀಟಿ ಓದುವುದು ಹೇಗೆ?

ಚೀಟಿಯಲ್ಲಿ 'ಉಪಾಶೀ ಪೋಟೀ' ಎಂದರೆ ಬರಿ ಹೊಟ್ಟೆಯಲ್ಲಿ ತೆಗೆದ ರಕ್ತ, 'ಜೇವಣಾನಂತರ' ಎಂದರೆ ಊಟದ ನಂತರದ್ದು. ಬರಿ ಹೊಟ್ಟೆಯ ಅಂಕಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125ರ ವರೆಗೆ ಇದ್ದರೆ ಎಚ್ಚರಿಕೆಯ ಮಟ್ಟ. 126 ಅಥವಾ ಅದಕ್ಕಿಂತ ಹೆಚ್ಚು ಇದ್ದು, ಮತ್ತೊಮ್ಮೆ ತಪಾಸಿಸಿದಾಗಲೂ ಹಾಗೆಯೇ ಬಂದರೆ ಅದು ಮಧುಮೇಹ. ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ತಪಾಸಣೆಯಲ್ಲಿ ಈ ಗಡಿ 6.5.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಎಚ್ಚರಿಕೆಯ ಮಟ್ಟದಲ್ಲಿದ್ದಾರೆ. 30 ವರ್ಷ ದಾಟಿದವರ ತಪಾಸಣೆ ಸರಕಾರಿ ಆರೋಗ್ಯ ಉಪಕೇಂದ್ರಗಳ ಕೆಲಸಗಳಲ್ಲಿ ಒಂದು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಬಹುದು.

ನಾಲಿಗೆಯ ಸಿಹಿ, ರಕ್ತದ ಸಕ್ಕರೆ

ನಾಲಿಗೆಗೆ ಸಿಹಿ ಅನಿಸದ ಆಹಾರವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಅನ್ನ, ಅವಲಕ್ಕಿ, ಚುರಮರಿ, ಮೈದಾ, ಆಲೂಗಡ್ಡೆ ಇವುಗಳಲ್ಲಿರುವ ಪಿಷ್ಟ ಹೊಟ್ಟೆಯಲ್ಲಿ ಕರಗಿ ಸಕ್ಕರೆಯೇ ಆಗುತ್ತದೆ. ಸಾಬುದಾಣಿ ಮರಗೆಣಸಿನಿಂದ ತೆಗೆದ ಪಿಷ್ಟ. ಅದರಲ್ಲಿ ನಾರು ಇಲ್ಲವೆಂದೇ ಹೇಳಬೇಕು.

ಹಾಗಾದರೆ ಜೋಳ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಪಿಷ್ಟ ಮತ್ತು ಸಕ್ಕರೆಯ ಅಂಶ ಸುಮಾರು 68 ಗ್ರಾಂ, ನಾರು ಸುಮಾರು 10 ಗ್ರಾಂ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಇವು ಸುಮಾರು 78 ಮತ್ತು 3 ಗ್ರಾಂ. ನಾರು ಹೆಚ್ಚಿದ್ದಷ್ಟೂ ಹೊಟ್ಟೆ ಬೇಗ ತುಂಬುತ್ತದೆ, ಸಕ್ಕರೆ ನಿಧಾನವಾಗಿ ಏರುತ್ತದೆ. ಹೀಗಾಗಿ ಅನ್ನಕ್ಕಿಂತ ರೊಟ್ಟಿ ಮೇಲು. ಆದರೆ ಜೋಳದಲ್ಲಿಯೂ ಪಿಷ್ಟವಿದೆ. ಜೋಳದ್ದೆಂದು ಲೆಕ್ಕವಿಲ್ಲದೆ ತಿಂದರೆ ಸಕ್ಕರೆ ಏರುವುದು ತಪ್ಪದು.

ಮೊದಲು ಚಹಾ

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋದವರು ಎಂಟು ದಿನದಲ್ಲಿ ಕೈಬಿಡುತ್ತಾರೆ. ಚಹಾದಿಂದ ಆರಂಭಿಸುವುದು ಸುಲಭ. ದಿನಕ್ಕೆ ನಾಲ್ಕು ಕಪ್, ಕಪ್ಪಿಗೆ ಎರಡು ಚಮಚ ಎಂದರೆ ಎಂಟು ಚಮಚ. ಚಮಚಕ್ಕೆ 5 ಗ್ರಾಂ ಹಿಡಿದರೂ ದಿನಕ್ಕೆ 40 ಗ್ರಾಂ, ತಿಂಗಳಿಗೆ 1,200 ಗ್ರಾಂ ಸಕ್ಕರೆ ಚಹಾದಿಂದಲೇ ಹೋಗುತ್ತದೆ. ಎಲ್ಲ ತಿನಿಸು ಸೇರಿ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಆರೋಗ್ಯವಂತರಿಗೂ ಸೇರಿಸಿಯೇ ಹೇಳಿದೆ.

ಮೊದಲ ವಾರ ಸಕ್ಕರೆ ಅರ್ಧ ಮಾಡಿ, ಎರಡನೆಯ ವಾರ ಬಿಡಿ. ಶುಂಠಿ, ಏಲಕ್ಕಿ ಹಾಕಿದರೆ ಬಾಯಿ ಒಗ್ಗುತ್ತದೆ. ಸಕ್ಕರೆ ಬದಲು ಬೆಲ್ಲ ನಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬೆಲ್ಲದಲ್ಲಿಯೂ ಬಹುಪಾಲು ಕಬ್ಬಿನ ಸಕ್ಕರೆಯೇ ಇದೆ. ಜೇನುತುಪ್ಪ, ಕಬ್ಬಿನ ಹಾಲು ಕೂಡ ಬೇಡ.

ತಟ್ಟೆ ಹೀಗಿರಲಿ

ತಟ್ಟೆಯ ಅರ್ಧ ಭಾಗ ಪಲ್ಲೆ, ಕಾಯಿಪಲ್ಲೆ. ಕಾಲು ಭಾಗ ಬೇಳೆ, ಕಾಳು ಅಥವಾ ಮೊಟ್ಟೆ, ಮೀನು. ಉಳಿದ ಕಾಲು ಭಾಗ ಮಾತ್ರ ರೊಟ್ಟಿ ಇಲ್ಲವೆ ಅನ್ನ. ರೊಟ್ಟಿ, ಅನ್ನ ಎರಡನ್ನೂ ಒಂದೇ ಊಟದಲ್ಲಿ ಹೊಟ್ಟೆ ತುಂಬ ತಿನ್ನುವುದು ಬೇಡ.

ಬೆಳಿಗ್ಗೆ: ಮೊಳಕೆ ಬರಿಸಿದ ಹೆಸರು ಅಥವಾ ಮಡಿಕಿ ಕಾಳಿನ ಉಸಳಿ, ಇಲ್ಲವೆ ರೊಟ್ಟಿ ಮತ್ತು ಮೆಂತೆ ಪಲ್ಲೆ. ಅವಲಕ್ಕಿ ಮಾಡಿದರೆ ಅರ್ಧ ತಟ್ಟೆ ಸಾಕು, ಉಳ್ಳಾಗಡ್ಡಿ, ಶೇಂಗಾ ಹೆಚ್ಚು ಬೀಳಲಿ.

ಮಧ್ಯಾಹ್ನ: ಜೋಳದ ರೊಟ್ಟಿ, ತೊಗರಿ ಬೇಳೆ ಹಾಕಿದ ಪುಂಡಿ ಪಲ್ಲೆ ಅಥವಾ ಝುಣಕ, ಹಸಿ ಸೌತೆಕಾಯಿ, ಮೂಲಂಗಿ, ಸಕ್ಕರೆ ಹಾಕದ ಮಜ್ಜಿಗೆ.

ಸಂಜೆ: ಒಂದು ಮುಷ್ಟಿ ಹುರಿದ ಕಡಲೆ. ಬಿಸ್ಕಿಟು, ಖಾರಿ, ಟೋಸ್ಟು ಬೇಡ.

ರಾತ್ರಿ: ರೊಟ್ಟಿ, ಹೀರೇಕಾಯಿ, ಬದನೆಕಾಯಿ ಅಥವಾ ಗವಾರಿ ಪಲ್ಲೆ, ತೆಳು ಬೇಳೆ ಸಾರು. ಮಲಗುವುದಕ್ಕೆ ಎರಡು ತಾಸು ಮೊದಲೇ ಊಟ ಮುಗಿದಿರಲಿ.

ಶೇಂಗಾ ಹಿಂಡಿ ಒಂದು ಚಮಚ ಸಾಕು, ಎಣ್ಣೆಯೂ ಮಿತವಾಗಿರಲಿ. ಹಣ್ಣುಗಳಲ್ಲಿ ಒಂದು ಪೇರಲ ಅಥವಾ ಒಂದು ಹಿಡಿ ನೇರಳೆ ನಡೆಯುತ್ತದೆ. ಸೀತಾಫಲ, ಚಿಕ್ಕು, ಮಾವು, ಬಾಳೆಹಣ್ಣು ಸದ್ಯಕ್ಕೆ ಹೆಚ್ಚು ಬೇಡ. ಹಣ್ಣನ್ನು ರಸ ಮಾಡಿ ಕುಡಿಯಬಾರದು. 'ಶುಗರ್ ಫ್ರೀ' ಎಂದು ಬರೆದ ಬಿಸ್ಕಿಟಿನಲ್ಲಿಯೂ ಮೈದಾ ಇರಬಹುದು.

ರೊಟ್ಟಿ ಎಷ್ಟು ಎಂಬುದಕ್ಕೆ ಎಲ್ಲರಿಗೂ ಒಂದೇ ಲೆಕ್ಕವಿಲ್ಲ. ಅಂಗಡಿಯಲ್ಲಿ ಕೂರುವವರಿಗೂ ಹೊಲದಲ್ಲಿ ದುಡಿಯುವವರಿಗೂ ಅಂತರವಿದೆ. ಈಗ ತಿನ್ನುವ ರೊಟ್ಟಿಗಳನ್ನು ಎಣಿಸಿಟ್ಟುಕೊಂಡು ವೈದ್ಯರಿಗೆ ಹೇಳಿದರೆ ಅವರು ಅಳತೆ ಕೊಡುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದವರು, ಗರ್ಭಿಣಿಯರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು. ಮೆಂತೆ ಪುಡಿ, ಹಾಗಲಕಾಯಿ ರಸ ಮಾತ್ರೆಗೆ ಬದಲಿ ಅಲ್ಲ.

ಹಬ್ಬ ಮತ್ತು ಉಪವಾಸ

ಮರಾಠಿಯಲ್ಲಿ ವೇಳ ಅಮಾವಾಸ್ಯೆ ಎನ್ನುವ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಊಟ ತಪ್ಪಿಸಿಕೊಳ್ಳಬೇಕಾಗಿಲ್ಲ. ಹಸಿ ಕಾಳು, ಕಾಯಿಪಲ್ಲೆ ಹಾಕಿದ ಭಜ್ಜಿ, ರೊಟ್ಟಿ ಪಥ್ಯಕ್ಕೆ ಹೊಂದುವ ಊಟವೇ. ಬೆಲ್ಲದ ಹುಗ್ಗಿ ಮಾತ್ರ ಎರಡು ಚಮಚಕ್ಕೆ ನಿಲ್ಲಲಿ.

ತುಳಜಾಪುರದ ಅಂಬಾಭವಾನಿಯ ಹೆಸರಿನಲ್ಲಿ ನವರಾತ್ರಿಯ ಒಂಬತ್ತು ದಿನ ಉಪವಾಸ ಹಿಡಿಯುವವರು, ಆಷಾಢ ಏಕಾದಶಿ ಮಾಡುವವರು ಮೊದಲೇ ವೈದ್ಯರನ್ನು ಕಾಣಬೇಕು. ಖಾಲಿ ಹೊಟ್ಟೆಯಲ್ಲಿ ಎಂದಿನಷ್ಟೇ ಮಾತ್ರೆ ನುಂಗಿದರೆ ಅಪಾಯ. ಇಡೀ ದಿನ ಸಾಬುದಾಣಿ ತಿಂದರೆ ಸಕ್ಕರೆ ಏರುತ್ತದೆ.

ಕಿಸೆಯಲ್ಲಿ ಸಕ್ಕರೆ ಇರಲಿ

ಸಕ್ಕರೆ ಬಿಟ್ಟವರು ಮನೆಯಿಂದ ಹೊರಗೆ ಹೋಗುವಾಗ ಕಿಸೆಯಲ್ಲಿ ಸಕ್ಕರೆ ಪುಡಿಕೆ ಇಟ್ಟುಕೊಳ್ಳಬೇಕು. ಮಾತ್ರೆ ಅಥವಾ ಇನ್ಸುಲಿನ್ ಮೇಲೆ ಇರುವವರಿಗೆ ಊಟ ತಡವಾದರೆ, ದುಡಿಮೆ ಹೆಚ್ಚಾದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ತಣ್ಣನೆಯ ಬೆವರು, ಕೈ ನಡುಕ, ಎದೆ ಬಡಿತ, ಕಣ್ಣು ಮಂಜಾಗುವುದು ಇದರ ಲಕ್ಷಣ. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು, ನಂತರ ಏನಾದರೂ ಉಣ್ಣಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಪಥ್ಯದ ಊಟವನ್ನು ಒಬ್ಬರಿಗಾಗಿ ಬೇರೆ ಬೇಯಿಸಬೇಕಾಗಿಲ್ಲ. ಇದು ಮನೆಮಂದಿಗೆಲ್ಲ ಒಳ್ಳೆಯ ಊಟ. ಎಲ್ಲರೂ ಅದನ್ನೇ ಉಂಡರೆ ಪಥ್ಯದವರಿಗೂ ಕೊರಗು ಇರದು. ಹದಿನೈದು ದಿನ ಹೀಗೆ ನಡೆಸಿ, ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಕನ್ನಡದಲ್ಲೋ ಮರಾಠಿಯಲ್ಲೋ ಒಂದು ವಹಿಯಲ್ಲಿ ಬರೆದಿಟ್ಟು, ತಪಾಸಣೆಗೆ ಹೋಗುವಾಗ ಜೊತೆಗೆ ಒಯ್ಯಿರಿ. ಮಾತ್ರೆ ಹೆಚ್ಚಿಸಬೇಕೋ, ಕಡಿಮೆ ಮಾಡಬೇಕೋ ಎಂದು ನಿರ್ಧರಿಸಲು ವೈದ್ಯರಿಗೆ ಆ ವಹಿ ನೆರವಾಗುತ್ತದೆ.